ನೀರು ಕುಡಿದ ಎಂಜಿನ್

ನವೆಂಬರ್ ೪, ಸೋಮವಾರ

ಅಮ್ಮನ ಬಟ್ಟೆಬರೆ ಮಡಿಸಿ ಎರಡು ಸೂಟ್‌ಕೇಸಿಗೆ ತುಂಬಿಟ್ಟಿದ್ದೆ. ಸಂಜೆ ನೋಡಿದರೆ ಒಂದರಲ್ಲಿ ಬಟ್ಟೆ ಹೊರಗೆ, ಸ್ಪ್ಯಾನರುಗಳು ಒಳಗೆ. ಕೇಳಿದ್ದಕ್ಕೆ, "ಯಾಕೆ, ನಿಮ್ಮನೇಲಿ ನಲ್ಲಿ ಸೋರಲ್ವಾ?" ಎಂದಳು.

ಸಣ್ಣ ಸ್ಟ್ರೋಕ್ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮನ ಬಲಗೈ ಅದನ್ನು ಒಪ್ಪಿಕೊಂಡಿದೆ, ಬಾಯಿ ಇನ್ನೂ ಒಪ್ಪಿಕೊಂಡಿಲ್ಲ. ಎಪ್ಪತ್ತು ದಾಟಿದ ಹೆಂಗಸು ಮನೆಯ ಮುಂಭಾಗದ ಅಂಗಡಿಯಲ್ಲಿ ಒಬ್ಬಳೇ ಕೂತು ಪಂಪು, ಜನರೇಟರು, ಹುಲ್ಲು ಕತ್ತರಿಸುವ ಯಂತ್ರಗಳ ಹೊಟ್ಟೆ ಬಿಚ್ಚುವುದು ಇನ್ನು ಆಗದ ಮಾತು. ನನ್ನ ಮನೆಯಲ್ಲಿ ಅವಳಿಗೆಂದೇ ಕೋಣೆ ಸಿದ್ಧವಾಗಿದೆ. ಕಿಟಕಿ ಇದೆ, ಬಾಲ್ಕನಿ ಇದೆ, ಬಾಲ್ಕನಿಯಲ್ಲಿ ಆರು ಕುಂಡ ಇವೆ. ಪ್ರೆಸ್ಸಿಗೆ ರಜೆ ಹಾಕಿ ನಾನು ಬಂದಿರುವುದೇ ಅವಳನ್ನು ಕರೆದುಕೊಂಡು ಹೋಗಲು.

ನನ್ನ ಕೆಲಸ ಪಠ್ಯಪುಸ್ತಕಗಳ ಕರಡು ತಿದ್ದುವುದು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವಳು. ತಾಯಿಯ ತಪ್ಪು ಹುಡುಕಿದರೆ ಸಂಬಳವಿಲ್ಲ, ಆದರೆ ಕೈ ಪಳಗಿದೆ.

"ಶನಿವಾರ ಹೊರಡೋಣಮ್ಮ" ಎಂದೆ. "ಹೂಂ" ಎಂದಳು. ಅವಳ ಹೂಂಗೆ ನಿಘಂಟಿನಲ್ಲಿ ಒಂದು ಪುಟವೇ ಬೇಕು.

ಕಬ್ಬಿಣಕ್ಕೆ ತುಕ್ಕು, ಕೈಗೆ ಸುಕ್ಕು,
ಇಷ್ಟಾದರೂ ಇಳಿದಿಲ್ಲ ಸೊಕ್ಕು.

ಪ್ರಾಸ ಚೆನ್ನಾಗಿ ಕೂತಿದೆ. ಅಮ್ಮನಿಗೆ ಓದಿ ಹೇಳುವ ಧೈರ್ಯವಿಲ್ಲ.

ನವೆಂಬರ್ ೫, ಮಂಗಳವಾರ

ಬೆಳಿಗ್ಗೆ ದೋಣಿಯಕ್ಕ ಬಂದಳು. ನದಿಯ ಈ ದಡದಿಂದ ಆ ದಡಕ್ಕೆ ಜನ ದಾಟಿಸುವವಳು. ಕೈಗಾಡಿಯಲ್ಲಿ ಟಾರ್ಪಾಲು ಸುತ್ತಿದ ಎಂಜಿನ್ ತಂದಿದ್ದಳು.

"ಅಮ್ಮಾ, ನಿಮ್ಮ ಕೂಸು. ನೀರು ಕುಡಿದುಬಿಟ್ಟಿದೆ."

ಕಳೆದ ಪ್ರವಾಹದಲ್ಲಿ, ಕಟ್ಟಿಹಾಕಿದ್ದ ದೋಣಿ ಕಟ್ಟಿದಲ್ಲೇ ಮಗುಚಿತಂತೆ. ಇವಳು ಎಂಜಿನ್ ಎತ್ತಿ, ಒರೆಸಿ, ಬಿಸಿಲಿಗಿಟ್ಟು, ಬೆಚ್ಚಗೆ ಸುತ್ತಿಟ್ಟಿದ್ದಾಳೆ. ಹೊರಗೆಲ್ಲ ಒಣಗಿತು, ಒಳಗೆ ಸೇರಿದ ನೀರು ಒಳಗೇ ಉಳಿಯಿತು. ಅಂದಿನಿಂದ ಹುಟ್ಟು ಹಾಕಿಕೊಂಡೇ ಜನರನ್ನು ದಾಟಿಸುತ್ತಿದ್ದಾಳೆ. ಎರಡು ಭುಜವೂ ಊದಿಕೊಂಡಿವೆ.

"ದೊಡ್ಡ ರಸ್ತೆ ಅಂಗಡಿಯವನು ಏನಂದ?" ಅಮ್ಮ ಕೇಳಿದಳು.

"ತೂಕಕ್ಕೆ ಹಾಕು ಅಂದ."

"ಅವನನ್ನೇ ಹಾಕು. ಕಬ್ಬಿಣದ ಅಂಶ ಕಮ್ಮಿ, ರೇಟು ಬರಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಈ ಎಂಜಿನ್ ಮಾಡುತ್ತಿದ್ದ ಕಂಪನಿ ಮುಚ್ಚಿ ಕಾಲವಾಗಿದೆ. ಬೇರೆ ಸಿಲಿಂಡರ್ ಸಿಗುವುದಿಲ್ಲ. ಇದನ್ನೇ ಅಗಲ ಕೊರೆಸಿ ದಪ್ಪ ಪಿಸ್ಟನ್ ಹಾಕೋಣವೆಂದರೆ ದಪ್ಪ ಪಿಸ್ಟನ್ನೂ ಇಲ್ಲ. ಅಮ್ಮನ ಡಬ್ಬಿಯಲ್ಲಿ ಉಳಿದಿರುವುದು ಪಿಸ್ಟನ್ನಿನ ಸುತ್ತ ತೊಡಿಸುವ ಒಂದು ಜೊತೆ ಹೊಸ ರಿಂಗು ಮಾತ್ರ.

ನಾನು ಒಳಗಿನಿಂದಲೇ, "ಅಮ್ಮನಿಗೆ ಕೈ ಸರಿಯಿಲ್ಲ, ಶನಿವಾರ ನಾವು ಹೊರಡ್ತಾ ಇದೀವಿ" ಎಂದೆ. ಆಗ ಅಮ್ಮ ಆ ಮಾತು ಆಡಿದಳು. ಹೇಳಿದ್ದು ದೋಣಿಯಕ್ಕನಿಗೆ, ದನಿ ಏರಿಸಿದ್ದು ನನಗಾಗಿ.

"ಇದು ಓಡ್ತಾ, ನಾನು ಇಲ್ಲೇ ಇರ್ತೀನಿ. ಓಡ್ಲಿಲ್ವಾ, ಶಟರ್ ಎಳೆದು ಬೀಗ ಹಾಕಿ, ಇವಳ ಹಿಂದೆ ಹೋಗಿ, ಕುಂಡಕ್ಕೆ ನೀರು ಹಾಕ್ಕೊಂಡು ಬಿದ್ದಿರ್ತೀನಿ. ಆಮೇಲೆ ನಾನೂ ತುಟಿ ಬಿಚ್ಚಲ್ಲ, ಅವಳೂ ಬಿಚ್ಚಬಾರ್ದು."

"ಆಯ್ತು" ಎಂದೆ. ಇನ್ನೇನು ಹೇಳಲಿ? ಒಂದು ಕಡೆ ತುಕ್ಕು ಹಿಡಿದ ಎಂಜಿನ್, ಇನ್ನೊಂದು ಕಡೆ ಸೋತ ಕೈ. ಆಡದೆಯೇ ಗೆದ್ದ ಪಂದ್ಯ. ಟಿಕೆಟ್ಟನ್ನು ಒಂದೆರಡು ವಾರ ಮುಂದೆ ಹಾಕಿಸಿದರಾಯಿತು.

ಎಂಜಿನ್ನೇ, ಮೊಂಡು ಹಿಡಿ. ನಿನ್ನನ್ನೇ ನಂಬಿದ್ದೇನೆ.

ನವೆಂಬರ್ ೭, ಗುರುವಾರ

ಕೈ ಸಾಲ ಕೊಡು ಎಂದು ಅಮ್ಮ ಕೂರಿಸಿಕೊಂಡಿದ್ದಾಳೆ. ಬೋಲ್ಟು ಬಿಚ್ಚುವುದು ನಾನು, ಬೈಯುವುದು ಅವಳು.

ಪಿಸ್ಟನ್ ಕಚ್ಚಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೆವು. ಇವತ್ತು ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದೆ. "ಬಾಗಿಲು ಬಡಿಯೋ ಹಾಗೆ ಬಡಿ, ಮನೆಯವರು ಮಲಗಿದ್ದಾರೆ ಅಂದ್ಕೋ" ಎಂದಳು. ತಟ್ಟಿದೆ, ತಟ್ಟಿದೆ. ಯಾವ ಏಟಿಗೆ ಎಂದು ಹೇಳಲಾರೆ, ಒಳಗಿನಿಂದ ಒಂದು ನಿಟ್ಟುಸಿರಿನಂಥದ್ದು ಬಂದು ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ನನ್ನ ಮೈಯಲ್ಲಿ ಏನೋ ಸರಿದಂತಾಯಿತು. ಹಸಿವು ಇರಬೇಕು.

ಪಿಸ್ಟನ್ ಹೊರಗೆ ಬಂದ ಮೇಲೆ ಅಮ್ಮ ಟಾರ್ಚು ಕೊಟ್ಟು, "ನೋಡು" ಎಂದಳು. ಈ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಅಪ್ಪ ದರ್ಜಿ, ಅಮ್ಮ ಮೆಕ್ಯಾನಿಕ್. ಅಪ್ಪ ಇದ್ದಾಗ ಒಳಗೆ ಹೊಲಿಗೆಯಂತ್ರ, ಹೊರಗೆ ಎಂಜಿನ್. ನಮ್ಮ ಮನೆಯಲ್ಲಿ ಮೌನಕ್ಕೆ ಮಲಗಲು ಜಾಗವಿರಲಿಲ್ಲ. ಆದರೂ ಒಂದು ಸಿಲಿಂಡರಿನೊಳಗೆ ನಾನು ಇಣುಕಿದ್ದು ಇವತ್ತೇ.

ಅಂಗೈಗಿಂತ ಕಿರಿದಾದ ಬಾವಿ. ಗೋಡೆ ಬೂದು ಬಣ್ಣ, ಎಲ್ಲೂ ಮೂಲೆಯಿಲ್ಲ. ನಡುವೆ, ಪಿಸ್ಟನ್ ನಿಂತಿದ್ದ ಕಡೆ, ಸುತ್ತಲೂ ಒಂದು ಕಿತ್ತಳೆ ಪಟ್ಟಿ. ಅಲ್ಲಿಂದ ಮೇಲಕ್ಕೆ ಚುಕ್ಕೆಗಳು, ದ್ವೀಪಗಳು, ಹೊಳೆಗಳು. ನೀರು ಹೋಗುವ ಮುಂಚೆ ತಾನು ಎಲ್ಲೆಲ್ಲಿ ತಂಗಿದ್ದೆ ಎಂದು ನಕ್ಷೆ ಬರೆದಿಟ್ಟಿದೆ.

"ಚರ್ಮಕ್ಕೆ ಬಂದಿದೆ, ಮಾಂಸಕ್ಕೆ ಹೋಗಿಲ್ಲ" ಎಂದಳು ಅಮ್ಮ.

"ಹೇಗೆ ಗೊತ್ತು? ಅಳೆಯೋಕೆ ಏನಾದ್ರೂ ಇದ್ಯಾ?"

ಬಲಗೈ ತೋರುಬೆರಳು ಎತ್ತಿ ತೋರಿಸಿದಳು. ಆ ಒಂದು ಬೆರಳಿನ ಉಗುರನ್ನು ಮಾತ್ರ ಅಮ್ಮ ಬೆಳೆಸಿರುತ್ತಾಳೆ. ನನ್ನ ಕಿವಿ ಹಿಂಡಲಿಕ್ಕೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಎಡಗೈ ತೋರುಬೆರಳಿನ ತುದಿಯನ್ನು ನಾನು ಹುಟ್ಟುವ ಮುಂಚೆಯೇ ಯಾವುದೋ ಯಂತ್ರದ ಬೆಲ್ಟು ನುಂಗಿದೆ, ಹಾಗಾಗಿ ಅಳತೆಯೆಲ್ಲ ಈ ಬಲಗೈಯದೇ. ಗೋಡೆಯ ಮೇಲೆ ಉಗುರು ಎಳೆದರೆ ಕಣ್ಣಿಗೆ ಕಾಣದ್ದೂ ಸಿಗುತ್ತದಂತೆ. ಗೇಜು ಕೊಳ್ಳಲು ಅವಳು ಯಾವತ್ತೂ ಒಪ್ಪಿಲ್ಲ.

"ಉಗುರು ಸುಳ್ಳು ಹೇಳಲ್ಲ" ಎಂದಳು.

ಉಪ್ಪಿಗಿಂತ ರುಚಿಯಿಲ್ಲ, ಉಗುರಿಗಿಂತ ಗೇಜಿಲ್ಲ. ಇದನ್ನು ಓದಿ ಹೇಳಿದೆ. "ಅದನ್ನ ಬರ್ಕೊಂಡು ಕೂರೋ ಬದಲು ಆ ಬೋಲ್ಟು ತೊಳಿ, ಪಂಡಿತಮ್ಮ" ಎಂದಳು.

ನವೆಂಬರ್ ೧೦, ಭಾನುವಾರ

ಇವತ್ತು ಕಂಡದ್ದನ್ನು ಬರೆಯಲು ಮೊದಲು ಕೈ ತೊಳೆದುಕೊಂಡೆ. ಆದರೂ ಹಾಳೆಯ ಮೇಲೆ ಬೆರಳಚ್ಚು ಮೂಡಿದೆ. ಇರಲಿ.

ಹೋನ್ ಎಂಬ ಉಪಕರಣ. ಮೂರು ಕಾಲು, ಪ್ರತಿ ಕಾಲಿಗೂ ಒಂದೊಂದು ಉದ್ದನೆಯ ಸಾಣೆಕಲ್ಲು. ನಡುವೆ ಸ್ಪ್ರಿಂಗು ಇದ್ದು ಕಾಲುಗಳನ್ನು ಹೊರಕ್ಕೆ ಒತ್ತುತ್ತಿರುತ್ತದೆ. ಅದನ್ನು ಡ್ರಿಲ್ಲಿಗೆ ಸಿಕ್ಕಿಸಿ ಬೋರಿನೊಳಗೆ, ಅಂದರೆ ಸಿಲಿಂಡರಿನ ಆ ಬಾವಿಯೊಳಗೆ, ಇಳಿಸಿ ತಿರುಗಿಸಿದರೆ ಕಲ್ಲುಗಳು ಗೋಡೆಯನ್ನು ಸವರುತ್ತಾ ಹೋಗುತ್ತವೆ.

ಅಮ್ಮ ತಾನೇ ಹಿಡಿದಳು. ಡ್ರಿಲ್ಲು ಚಾಲೂ ಆಯಿತು, ಬಲಗೈ ಆಗಲಿಲ್ಲ. ಡ್ರಿಲ್ಲು ಹಗ್ಗ ಕಿತ್ತ ಕರುವಿನಂತೆ ಅವಳ ಕೈಯನ್ನು ಎಳೆದಾಡಿತು. ನಿಲ್ಲಿಸಿದಳು. ಮತ್ತೆ ಹಿಡಿದಳು. ಮತ್ತೆ ಅದೇ. ಆಮೇಲೆ ಡ್ರಿಲ್ಲನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ನನ್ನ ಕಡೆ ತಳ್ಳಿದಳು.

"ನನಗೆ ಬರಲ್ಲಮ್ಮ."

"ಬರಲ್ಲ ಅಂತ ಗೊತ್ತಿದೆ. ಹಿಡಿ."

ಹಿಡಿದೆ. ಅಮ್ಮ ಎಡಗೈಯಿಂದ ತೆಳು ಎಣ್ಣೆ ತೊಟ್ಟಿಕ್ಕಿಸುತ್ತಾ ನಿಂತಳು. "ಒಂದೇ ಕಡೆ ನಿಲ್ಲಬೇಡ, ನಿಂತಲ್ಲಿ ಹಳ್ಳ ಬೀಳುತ್ತೆ. ಮೇಲೆ, ಕೆಳಗೆ, ಉಸಿರಾಡಿದ ಹಾಗೆ. ಅಯ್ಯೋ, ಉಸಿರಾಡೇ! ಉಸಿರು ಕಟ್ಕೊಂಡು ಯಾಕೆ ನಿಂತಿದ್ದೀಯ?" ಕಲ್ಲಿನ ಸದ್ದು ಬದಲಾದ ಕೂಡಲೇ, "ಬಾಯಾರಿದೆ ಅದಕ್ಕೆ" ಎಂದು ಎಣ್ಣೆ ಬಿಡುತ್ತಿದ್ದಳು. "ಈಗ ತಿರುಗ್ತಾ ಇರೋವಾಗ್ಲೇ ಹೊರಗೆ ತೆಗಿ. ನಿಂತ ಮೇಲೆ ಎಳೆದ್ರೆ ಉದ್ದುದ್ದ ಗೀರು ಬೀಳುತ್ತೆ."

ತೆಗೆದೆ. ಬಟ್ಟೆಯಿಂದ ಒರೆಸಿದೆ. ಟಾರ್ಚು ಹಿಡಿದೆ.

ಕಿತ್ತಳೆ ನಕ್ಷೆ ಹೆಚ್ಚುಕಡಿಮೆ ಮಾಯ. ಅದರ ಜಾಗದಲ್ಲಿ, ಗೋಡೆಯ ತುಂಬಾ, ನೂಲಿಗಿಂತ ಸಣ್ಣ ಗೆರೆಗಳು. ಒಂದು ತಂಡ ಹೀಗೆ ಓರೆಯಾಗಿ ಏರುತ್ತದೆ, ಇನ್ನೊಂದು ಹಾಗೆ ಓರೆಯಾಗಿ ಇಳಿಯುತ್ತದೆ, ಎರಡೂ ಸಾವಿರ ಕಡೆ ಒಂದನ್ನೊಂದು ದಾಟುತ್ತವೆ. ಕಬ್ಬಿಣದ ಮೇಲೆ ಕಬ್ಬಿಣದ್ದೇ ನೇಯ್ಗೆ. ಟಾರ್ಚು ತಿರುಗಿಸಿದರೆ ಬೆಳಕು ಕೊಳವೆಯೊಳಗೆ ಸುತ್ತು ಹೊಡೆಯುತ್ತಿತ್ತು. ಇದನ್ನು ಮಾಡಿದ್ದು ನನ್ನ ಕೈಯೇ? ಅಕ್ಷರ ಬಿಟ್ಟು ಬೇರೇನನ್ನೂ ಮುಟ್ಟದ ಈ ಕೈಯೇ?

ಬಾಯಿ ತೆರೆದುಕೊಂಡೇ ಇತ್ತೆಂದು ಅಮ್ಮ ಹೇಳಿದ ಮೇಲೆ ಗೊತ್ತಾಯಿತು. "ಮುಚ್ಚು, ನೊಣ ಹೋಗುತ್ತೆ" ಎಂದಳು.

ನವೆಂಬರ್ ೧೧, ಸೋಮವಾರ

ಹಾಳು ಮಾಡಿದೆ.

ಅಮ್ಮನನ್ನು ಕೈ ವ್ಯಾಯಾಮಕ್ಕೆಂದು ದೋಣಿಯಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ನಾನು ಒಬ್ಬಳೇ ಬೋರು ನೋಡುತ್ತಾ ಕೂತಿದ್ದೆ. ಎಷ್ಟು ಚೆಂದವಿದ್ದರೂ ಗೀರು ಗೀರೇ ಅಲ್ಲವೇ? ಕರಡು ತಿದ್ದುವವಳ ಕಣ್ಣು, ಗುರುತು ಕಂಡರೆ ಅಳಿಸಬೇಕು ಎನ್ನುತ್ತದೆ. ಅಮ್ಮ ಇಷ್ಟು ಮಾಡಿಸಿದ್ದಾಳೆ, ಕೊನೆಯ ಕೈ ನಾನು ಹಾಕೋಣ ಎಂದು ಅತಿ ನಯದ ಎಮರಿ ಕಾಗದ ಹುಡುಕಿ, ಎಣ್ಣೆ ಹಚ್ಚಿ, ಮಧ್ಯಾಹ್ನದವರೆಗೂ ಉಜ್ಜಿದೆ. ಬೋರು ಕನ್ನಡಿಯಾಯಿತು. ನನ್ನ ಮೂಗು ಕಾಣಿಸುತ್ತಿತ್ತು, ವಕ್ರವಾಗಿ.

ಅಮ್ಮ ಬಂದು ಇಣುಕಿದಳು.

"ಕನ್ನಡಿ ಮಾಡಿಟ್ಟಿದ್ದೀಯಲ್ಲೇ! ಪಿಸ್ಟನ್ ಏನು ಮುಖಕ್ಕೆ ಪೌಡರ್ ಹಾಕ್ಕೊಳ್ಳುತ್ತಾ?"

ದೋಣಿಯಕ್ಕ ನಕ್ಕಳು, ಅಮ್ಮನ ಮುಖ ನೋಡಿ ನಗು ನುಂಗಿದಳು.

ಎಣ್ಣೆ ನಿಲ್ಲುವುದೇ ಆ ಗೀರುಗಳಲ್ಲಂತೆ. ರಿಂಗು ಓಡುವುದು ಕಬ್ಬಿಣದ ಮೇಲಲ್ಲವಂತೆ, ಗೀರಿನಲ್ಲಿ ನಿಂತ ಎಣ್ಣೆಯ ಮೇಲಂತೆ. ಹೊಸ ರಿಂಗು ಆ ಗೀರುಗಳಿಗೇ ತಿಕ್ಕಿಕೊಂಡು ತನ್ನ ಜಾಗ ಮಾಡಿಕೊಳ್ಳುತ್ತದಂತೆ. "ನುಣ್ಣಗಿದ್ರೆ ಎಣ್ಣೆ ಕಾಲೂರೋದೆಲ್ಲಿ? ಜಾರಿ ಹೋಗುತ್ತೆ. ಹೊಗೆ ಕಾರ್ಕೊಂಡು ಸಾಯುತ್ತೆ."

"ಮತ್ತೆ ಗೀರು ಹಾಕೋಣ."

"ಹಾಕೋಣ. ಆದ್ರೆ ಪ್ರತಿ ಸಲ ಉಜ್ಜಿದಾಗ್ಲೂ ಬೋರು ಅಗಲ ಆಗ್ತಾ ಹೋಗುತ್ತೆ. ಹೋದ ಕಬ್ಬಿಣ ವಾಪಸ್ ಬರಲ್ಲ. ಇನ್ನು ಒಂದೇ ಒಂದು ಸಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಬರೆಯುತ್ತಿರುವಾಗ ಈಗ ಹೊಳೆಯುತ್ತಿದೆ. ಎಂಜಿನ್ ಕೆಟ್ಟರೆ ಲಾಭ ನನಗೇ ತಾನೇ? ಬೇಕೆಂದೇ ಮಾಡಿದ್ದಾಳೆ ಎಂದು ಅಮ್ಮ ತಿಳಿದಿರಬಹುದೇ? ಸತ್ಯವಾಗಿಯೂ ಆ ಪಂದ್ಯ ನನಗೆ ನೆನಪೇ ಇರಲಿಲ್ಲ.

ನವೆಂಬರ್ ೧೩, ಬುಧವಾರ

ಮತ್ತೆ ಹೋನ್. ನಾನೇ. ಗೆರೆಗಳು ಬಂದವು. ಭುಜ ನೋಯುತ್ತಿದೆ. ಊರಿನಿಂದ ನಮ್ಮ ಮನೆಯವರು ಫೋನು ಮಾಡಿ ಇಸ್ತ್ರಿ ಪೆಟ್ಟಿಗೆ ಎಲ್ಲಿದೆ ಎಂದರು. "ಸದ್ಯಕ್ಕೆ ಸುಕ್ಕಿನಲ್ಲೇ ಓಡಾಡಿ, ಎಣ್ಣೆ ನಿಲ್ಲುತ್ತೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನವೆಂಬರ್ ೧೪, ಗುರುವಾರ

ಅಮ್ಮ ಪರೀಕ್ಷೆ ಮಾಡಿದಳು. ಕಣ್ಣು ಮುಚ್ಚಿ, ಬಲಗೈ ತೋರುಬೆರಳನ್ನು ಎಡಗೈಯಿಂದ ಹಿಡಿದು ಒಳಗಿಳಿಸಿ, ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆದಳು. ಸ್ವಲ್ಪ ತಿರುಗಿಸಿ ಮತ್ತೆ. ಸುತ್ತಲೂ.

"ಆಯ್ತು. ರೇಷ್ಮೆ. ನಾಳೆ ತೊಳೆದು ಜೋಡಿಸೋಣ."

ಖುಷಿಯಾಯಿತು. ನಾನು ಮಾಡಿದ ರೇಷ್ಮೆ ಹೇಗಿದೆ ನೋಡೋಣವೆಂದು ನನ್ನ ಬೆರಳೂ ಬಿಟ್ಟೆ. ಎಲ್ಲ ಕಡೆ ಒಂದೇ ಸಮನೆಯ ನವಿರು ಜುಮುಜುಮು. ಮೇಲಂಚಿನ ಸ್ವಲ್ಪ ಕೆಳಗೆ, ಒಂದು ಕಡೆ, ಟಿಕ್.

ಮತ್ತೆ ಎಳೆದೆ. ಟಿಕ್.

ಟಾರ್ಚು ಹಾಕಿದರೆ ಏನೂ ಇಲ್ಲ. ಬೆರಳಿಟ್ಟರೆ ಇದೆ. ಪಿಸ್ಟನ್ ಮೇಲಕ್ಕೆ ಬಂದು ತಿರುಗಿ ಇಳಿಯುವ ಜಾಗ ಅದು. ರಿಂಗು ಅಲ್ಲಿ ಎಡವುತ್ತದೆ, ಎಡವಿ ಎಡವಿ ಮುರಿಯುತ್ತದೆ. ಅಷ್ಟು ನನಗೂ ಈಗ ತಿಳಿಯುತ್ತದೆ. ಅಮ್ಮನ ಉಗುರು ಅದೇ ಜಾಗದ ಮೇಲೆ ಹೋದದ್ದನ್ನು ನಾನೇ ನೋಡಿದ್ದೆ.

ಅವಳ ಕಡೆ ತಿರುಗಿದೆ. ಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತಿದ್ದಳು. ಬಟ್ಟೆಯ ಮೇಲೆ ಕೆಂಪು. ಸಿಲಿಂಡರಿನ ಅಂಚು ತಾಗಿ ತೋರುಬೆರಳಿನ ತುದಿ ಸೀಳಿತ್ತು. ಎಣ್ಣೆಯೆಂದು ತಿಳಿದು ಒರೆಸಿಕೊಂಡು, "ಟೀ ಮಾಡ್ತೀಯಾ?" ಎಂದಳು.

ಟೀ ಮಾಡಿದೆ. ಬೆರಳಿಗೆ ಪಟ್ಟಿ ಕಟ್ಟಿದೆ. "ಯಾವಾಗ ಆಯ್ತಿದು?" ಎಂದಳು. "ಗೊತ್ತಿಲ್ಲ" ಎಂದೆ.

ನಾನು ಸುಮ್ಮನಿದ್ದರೆ ಸಾಕು. ನಾಳೆ ಜೋಡಿಸುತ್ತೇವೆ, ಎಂಜಿನ್ ಒಂದೆರಡು ದಿನ ಓಡಿ ನಿಲ್ಲುತ್ತದೆ, ಅಮ್ಮ ಮಾತಿಗೆ ತಪ್ಪುವವಳಲ್ಲ. ಬೀಗ, ಬಸ್ಸು, ಬಾಲ್ಕನಿ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳ ಬೆರಳು ಸತ್ತಿದೆ ಎಂಬುದು ಅವಳಿಗೂ ಗೊತ್ತಾಗುವುದಿಲ್ಲ. ಅದು ದೊಡ್ಡ ಉಪಕಾರವೇ ಅಲ್ಲವೇ?

ಬಸ್ಸು, ಬಾಲ್ಕನಿ, ಬೀಗ. ಆರಂಭದಲ್ಲೆಲ್ಲ ಬಕಾರ ಬಂದಿದೆ. ಇಂಥ ಹೊತ್ತಿನಲ್ಲೂ ಬರುತ್ತದೆ, ದರಿದ್ರ.

ನವೆಂಬರ್ ೧೫, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಅಂಗಡಿಗೆ ಇಳಿಯುತ್ತಲೇ, "ಅಮ್ಮಾ, ಮೇಲ್ಗಡೆ ಒಂದು ಕಡೆ ಉಗುರು ತಡೀತಿದೆ" ಎಂದೆ.

"ಇಲ್ಲ. ನಾನು ನೋಡಿದೀನಿ."

"ತಡೀತಿದೆಯಮ್ಮ."

"ಎಂಜಿನ್ ನೋಡೋಕೆ ಶುರು ಮಾಡಿ ಹತ್ತು ದಿನ ಆಗಿಲ್ಲ, ನನಗೆ ಹೇಳ್ತೀಯಾ?" ಎಂದು ಪಟ್ಟಿ ಕಿತ್ತು ಬೆರಳು ಬಿಟ್ಟಳು. ಆ ಜಾಗದ ಮೇಲೆ ನಾನೇ ಅವಳ ಬೆರಳು ಹಿಡಿದು ಎಳೆಸಿದೆ. ಮುಖದಲ್ಲಿ ಏನೂ ಆಗಲಿಲ್ಲ. ಇನ್ನೊಮ್ಮೆ. ಏನೂ ಇಲ್ಲ. ಆಮೇಲೆ ಅವಳು ಬೆರಳು ಹೊರತೆಗೆದು ನೋಡಿದಳು. ನಿನ್ನೆಯ ಗಾಯ ಬಿಟ್ಟುಕೊಂಡು ಮತ್ತೆ ರಕ್ತ ಒಸರುತ್ತಿತ್ತು. ಹೆಬ್ಬೆರಳಿನಿಂದ ಆ ಗಾಯವನ್ನು ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಬೇರೆ ಯಾರದೋ ಬೆರಳು ನೋಡುವಂತೆ ನೋಡಿದಳು.

ಎಡಗೈಯ ನಡುಬೆರಳು ಬಿಟ್ಟು ನೋಡಿದಳು. "ಈ ಕೈಗೆ ಓದು ಬರಲ್ಲ" ಎಂದು ತೆಗೆದಳು.

ಸ್ಟೂಲಿನ ಮೇಲೆ ಕೂತಳು. ಅವಳು ಶಟರಿನ ಕಡೆ ನೋಡುತ್ತಿದ್ದಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಬೀಗ ತೆಗೆದುಕೊಂಡು ಬಾ ಎನ್ನುತ್ತಾಳೆ ಎಂದುಕೊಂಡೆ. ಹಾಗೆಂದರೆ ಏನು ಮಾಡಲಿ?

"ಬಾ ಇಲ್ಲಿ" ಎಂದಳು. "ಕಣ್ಣು ಮುಚ್ಕೋ. ಬೆರಳು ಬಿಡು. ಮೇಲಿಂದ ಕೆಳಗೆ ಎಳಿ. ಏನಾಯ್ತು?"

"ತಡೀತು."

"ಕೆಳಗಿಂದ ಮೇಲೆ."

"ತಡೀತು. ಮೊದಲಿನಷ್ಟಿಲ್ಲ."

"ನಿಧಾನ ಮಾಡು. ಅವಸರ ಮಾಡಬೇಡ. ಹತ್ತಿ ಇಳೀತಾ, ಇಳಿದು ಹತ್ತಿತಾ?"

ಇಂಥ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಕೂದಲಿಗಿಂತ ಸಣ್ಣದೊಂದು ವಸ್ತುವಿನ ಮೇಲೆ ಉಗುರಿನ ತುದಿ, ಅದು ಮೊದಲು ಏರಿತೇ, ಮೊದಲು ಇಳಿಯಿತೇ? ನಿಧಾನ ಎಳೆದೆ. ಇನ್ನೂ ನಿಧಾನ. ಮೈಯೆಲ್ಲ ಸೋಸಿ ಆ ಒಂದು ತುದಿಗೆ ಬಂದು ಸೇರಿದಂತಾಯಿತು. ಮುಚ್ಚಿದ ಕಣ್ಣಿಗೆ ಅದು ದೊಡ್ಡದಾಗುತ್ತಾ ಬಂತು, ಬೆಟ್ಟದ ಬುಡದಲ್ಲಿ ನಿಂತವಳಂತೆ. ಅಲ್ಲಿ ಏರಿಕೆ ಇತ್ತು. ಮೇಲೆ ಒಂದು ಚೂರು ಬಯಲು. ಆಮೇಲೆ ಇಳಿಜಾರು. ಇಷ್ಟೂ ಇತ್ತು! ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಊರಿನಷ್ಟು ಇತ್ತು!

"ಹತ್ತಿ ಇಳೀತು" ಎಂದೆ.

"ಖಂಡಿತಾನಾ?"

"ಖಂಡಿತ."

ಅಮ್ಮ ಉಸಿರು ಬಿಟ್ಟಳು. "ಹಾಗಾದ್ರೆ ಅದು ಗುಡ್ಡ. ಗುಂಡಿ ಆಗಿದ್ರೆ ನಾನು ಬೀಗ ಹಾಕ್ತಿದ್ದೆ. ಅಷ್ಟು ಆಳಕ್ಕೆ ಉಜ್ಜೋಕೆ ಕಬ್ಬಿಣ ಉಳಿದಿಲ್ಲ. ನೀನು ಹೋನ್ ಹಾರಿಬಿಡುತ್ತೆ ಅಂತ ಹೆದರ್ಕೊಂಡು ಮೇಲಂಚಿನವರೆಗೆ ಬರ್ತಾನೇ ಇಲ್ಲ. ಅಲ್ಲಿನ ತುಕ್ಕು ಹಾಗೇ ಕೂತಿದೆ. ಅದೊಂದನ್ನೇ ಸವರಿದ್ರೆ ಬೋರು ಅಗಲ ಆಗಲ್ಲ. ಕಲ್ಲು ಒಂದು ಚೂರು ಹೊರಗೆ ಇಣುಕಬೇಕು. ಕಿಟಕಿಯಿಂದ ಪಕ್ಕದ ಮನೆಯವರು ಇಣುಕೋ ಹಾಗೆ."

ಇಣುಕಿಸಿದೆ. ಸ್ವಲ್ಪವೇ. ಅಮ್ಮ ಸಾಕೆಂದಾಗ ಇನ್ನೊಂದು ಸುತ್ತು ಬೇಕೆನಿಸಿತು, ಆದರೆ ನಿಲ್ಲಿಸಿದೆ. ಕಣ್ಣು ಮುಚ್ಚಿ ಬೆರಳು ಬಿಟ್ಟೆ. ಗುಡ್ಡ ಇರಲಿಲ್ಲ. ಇದ್ದ ಗುರುತೂ ಇರಲಿಲ್ಲ.

"ಏನೇ?" ಎಂದಳು.

"ಹೋಗಿದೆ" ಎಂದೆ.

ಅವಳು ತಾನು ಬೆರಳು ಬಿಟ್ಟು ನೋಡಲಿಲ್ಲ.

ನವೆಂಬರ್ ೧೭, ಭಾನುವಾರ

ತೊಳೆಯುವ ದಿನ. ಸೀಮೆಎಣ್ಣೆ ಕಣ್ಣಿಗೆ ಮಾತ್ರ ಚೊಕ್ಕ ಮಾಡುತ್ತದಂತೆ, ಕಲ್ಲಿನ ಪುಡಿ ಗೀರಿನೊಳಗೇ ಕೂತು ಆಮೇಲೆ ಎಂಜಿನ್ನನ್ನು ತಿನ್ನುತ್ತದಂತೆ. ಬಿಸಿನೀರು, ಸೋಪು, ಬ್ರಷ್ಷು. ಬಿಳಿ ಬಟ್ಟೆಯಿಂದ ಒರೆಸಿದರೆ ಬೂದು. ಮತ್ತೆ ತೊಳೆದರೆ ಮತ್ತೆ ಬೂದು. ಅಪ್ಪನ ಹಳೇ ಪಂಚೆ ಪೂರ್ತಿ ಮುಗಿಯಿತು. ಕೊನೆಗೊಮ್ಮೆ ಬಟ್ಟೆ ಬಿಳಿಯಾಗಿಯೇ ಹೊರಗೆ ಬಂತು.

ಎಣ್ಣೆ ಹಚ್ಚಲು ಹೋದೆ. ಅಮ್ಮ ಕೈ ಹಿಡಿದಳು. "ಒಂದು ಗಳಿಗೆ ತಡಿ. ನೋಡು."

ಒದ್ದೆ ಕಬ್ಬಿಣ, ಬೆಳ್ಳಿಯಂತೆ ಹೊಳೆಯುತ್ತಿತ್ತು. ನೋಡುತ್ತಿದ್ದಂತೆಯೇ ಒಂದು ಅಂಚಿನಲ್ಲಿ ತೆಳುವಾಗಿ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ, ಕಿತ್ತಳೆ ಮೂಡಿತು. ಹರಡತೊಡಗಿತು. ಕಣ್ಣೆದುರೇ ತುಕ್ಕು ಹುಟ್ಟುತ್ತಿತ್ತು. ತುಕ್ಕೆಂದರೆ ವರ್ಷಗಟ್ಟಲೆಯ ಕೆಲಸ ಎಂದು ತಿಳಿದವಳು ನಾನು.

"ಗಾಳಿ ಕಾಯ್ತಾನೇ ಇರುತ್ತೆ" ಎಂದಳು ಅಮ್ಮ. "ಈಗ ಹಚ್ಚು, ಬೇಗ!"

ಹಚ್ಚಿದೆ. ಕಿತ್ತಳೆ ಬಟ್ಟೆಗೆ ಬಂತು. ಎಣ್ಣೆ ಗೆರೆ ಹಿಡಿದು ಹರಿದು, ಎಲ್ಲ ಗೆರೆಗಳಲ್ಲೂ ನಿಂತಿತು. ನಿಜವಾಗಿಯೂ ನಿಂತಿತು.

ಪ್ರಾಸ ಯಾವುದೂ ಹೊಳೆಯಲಿಲ್ಲ. ಹುಡುಕಲೂ ಇಲ್ಲ.

ನವೆಂಬರ್ ೨೦, ಬುಧವಾರ

ಜೋಡಿಸಿ ಮುಗಿಯಿತು. ದೋಣಿಯಕ್ಕ ಬೆಳಿಗ್ಗೆಯಿಂದ ಬಂದು ಕೂತಿದ್ದಳು. ಎಂಜಿನ್ ಚಾಲೂ ಮಾಡಲು ಹಗ್ಗ ಎಳೆಯುವ ಕೆಲಸ ಅವಳದು.

ಮೊದಲ ಎಳೆತಕ್ಕೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. "ಹುಟ್ಟು ಹಾಕಿ ಹಾಕಿ ರಟ್ಟೆ ಗಟ್ಟಿಯಾಗಿದೆ ಅಂತಿದ್ದೆ, ಇಷ್ಟೇನಾ?" ಎಂದು ಅಮ್ಮ ಕೆಣಕಿದಳು. ದೋಣಿಯಕ್ಕ ಸೆರಗು ಸಿಕ್ಕಿಸಿ, ಎಂಜಿನ್ನಿನ ವಂಶವನ್ನೆಲ್ಲ ಬೈದು, ಎಳೆದಳು.

ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಹಿಡಿದುಕೊಂಡಿತು. ಅಂಗಡಿಯ ತುಂಬಾ ನೀಲಿ ಹೊಗೆ. ನನಗೆ ಅಳು ಬಂತು. "ಹಾಳಾಯ್ತು, ಹೊಗೆ ಬರ್ತಿದೆ" ಎಂದು ಕೂಗಿದೆ. ಅಮ್ಮ ಸ್ಟೂಲಿನಿಂದ ಏಳಲೇ ಇಲ್ಲ. "ಒಳಗೆ ಬಳಿದ ಎಣ್ಣೆ ಸುಡಬೇಡ್ವಾ? ಸುಡಲಿ, ಬಿಡು" ಎಂದಳು. ಹೊಗೆ ತೆಳುವಾಯಿತು. ಇನ್ನೂ ತೆಳುವಾಯಿತು. ಎದುರಿನ ಗೋಡೆ ಕಾಣಿಸಿತು. ಎಂಜಿನ್ ಓಡುತ್ತಿತ್ತು. ಆ ಗೆರೆಗಳ ಮೇಲೆ, ನನ್ನ ಗೆರೆಗಳ ಮೇಲೆ, ಅಷ್ಟು ವೇಗವಾಗಿ ಏರಿ ಇಳಿಯುತ್ತಾ, ಎಲ್ಲೂ ಎಡವದೆ. ಆ ಕತ್ತಲೊಳಗೆ ಈಗ ಏನಾಗುತ್ತಿದೆಯೆಂದು ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು ನನಗೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ದೋಣಿಯಕ್ಕ ಅಮ್ಮನನ್ನು ತಬ್ಬಿಕೊಂಡು, ಆಮೇಲೆ ನನ್ನನ್ನು ತಬ್ಬಿಕೊಂಡು, ಮತ್ತೆ ಅಮ್ಮನ ಕಡೆ ಹೋದಳು. "ಗೆದ್ರಿ ಅಮ್ಮಾ! ಇನ್ನು ಮಗಳು ನಿಮ್ಮನ್ನ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ."

ಎಲ್ಲಿಗೆ ಎಂದು ಕೇಳಬೇಕೆಂದಿದ್ದೆ. ಆಮೇಲೆ ಪಂದ್ಯ ನೆನಪಾಯಿತು.

ನವೆಂಬರ್ ೨೬, ಮಂಗಳವಾರ

ಪ್ರೆಸ್ಸಿನಿಂದ ಫೋನು. ರಜೆ ಮುಗಿದು ಎಷ್ಟೋ ದಿನವಾಯಿತಂತೆ, ಕರಡು ರಾಶಿ ಬಿದ್ದಿದೆಯಂತೆ. ಒಂದು ಜನರೇಟರ್ ಬಿಚ್ಚಿ ಕೂತಿದ್ದೇನೆ, ಅದರ ಹಿಂದೆ ಒಂದು ಪಂಪು ಇದೆ, ಮುಗಿಸಿ ಹೇಳುತ್ತೇನೆ ಎಂದೆ. ಆ ಕಡೆಯವರು "ಏನು? ಏನು ಬಿಚ್ಚಿ?" ಎಂದು ಎರಡೆರಡು ಸಲ ಕೇಳಿದರು. ನೆಟ್‌ವರ್ಕ್ ತೊಂದರೆ ಇರಬೇಕು.

ಸಂಜೆ ದೋಣಿಯಕ್ಕ ನಮ್ಮಿಬ್ಬರನ್ನೂ ದೋಣಿಗೆ ಹತ್ತಿಸಿಕೊಂಡಳು. ಆ ದಡಕ್ಕೆ ಹೋಗಿ ಬರುವುದು, ಸುಮ್ಮನೆ. ತರಕಾರಿ ಬುಟ್ಟಿಯ ಇಬ್ಬರು ಹೆಂಗಸರು, ಒಬ್ಬ ಮೇಷ್ಟ್ರು, ಒಂದು ಮೇಕೆ, ನಾವು. ಅಮ್ಮ ಎಂಜಿನ್ನಿಗೆ ಬೆನ್ನು ಮಾಡಿ, ನದಿಯ ಕಡೆ ಮುಖ ಮಾಡಿ ಕೂತಳು. ಬಲಗೈ ಮಡಿಲಲ್ಲಿ.

ನೀರು ಅಗಲವಾಗಿತ್ತು. ನಡುವಿಗೆ ಬಂದಾಗ ಎರಡು ದಡವೂ ಒಂದೇ ದೂರದಲ್ಲಿ ನಿಂತವು. ಎಂಜಿನ್ನಿನ ಸದ್ದು ನೀರಿನ ಮೇಲೆ ಹೋಗಿ ಎಲ್ಲೋ ತಾಗಿ ವಾಪಸು ಬರುತ್ತಿತ್ತು.

ದೋಣಿಯಕ್ಕ ಚುಕ್ಕಾಣಿ ಹಿಡಿದೇ ಕೂಗಿದಳು. "ಅಮ್ಮಾ, ಸದ್ದು ಸರಿಗಿದ್ಯಾ? ಜೋರು ಮಾಡ್ಲಾ?"

ಅಮ್ಮ ತಿರುಗಲಿಲ್ಲ. "ಅವಳನ್ನ ಕೇಳು" ಎಂದಳು.

ಎಲ್ಲರೂ ನನ್ನನ್ನು ನೋಡಿದರು, ಮೇಕೆ ಸಮೇತ. ನಾನು ಕಣ್ಣು ಮುಚ್ಚಿದೆ. ಸದ್ದು ಒಂದೇ ಎಂದುಕೊಂಡಿದ್ದು ಒಂದಾಗಿರಲಿಲ್ಲ. ಏರಿಕೆ ಬೇರೆ, ಇಳಿಕೆ ಬೇರೆ, ಏರಿಕೆಯ ತುದಿಯಲ್ಲಿ ತುಸುವೇ ಒರಟು. ಕೆಟ್ಟದ್ದಲ್ಲ, ಹೊಸದು.

"ಬೇಡ. ರಿಂಗು ಇನ್ನೂ ಜಾಗ ಮಾಡ್ಕೊಳ್ತಾ ಇದೆ" ಎಂದೆ. "ಇನ್ನೊಂದು ವಾರ ಹೀಗೇ ನಿಧಾನಕ್ಕೆ ಓಡಿಸಿ. ಈಗ ಸ್ವಲ್ಪ ತಗ್ಗಿಸಿ."

ದೋಣಿಯಕ್ಕ ಮರುಮಾತಾಡದೆ ತಗ್ಗಿಸಿದಳು. ದೋಣಿಯ ಮೂತಿ ನೀರಿಗೆ ಇಳಿಯಿತು. ಅಮ್ಮ ಎಡಗೈಯನ್ನು ಅಂಚಿನಾಚೆ ಇಳಿಬಿಟ್ಟು ನೀರಿನಲ್ಲಿ ಬೆರಳಾಡಿಸುತ್ತಾ ಕೂತಿದ್ದಳು, ದಡ ಬರುವವರೆಗೂ.